ಕಾರವಾರದ ಕಡಲ ದಂಡೆ

ಬೇಸಿಗೆಯ ಬಿಡುವಿನಲ್ಲಿ ಕಡಲ ದಂಡೆಗೆ ಹೋಗಿ ನಾಲ್ಕು ದಿನ ನಿಶ್ಚಿಂತೆಯಿಂದ ಇದ್ದು ಬರುವದು ಕನ್ನಡ ನಾಡಿನ ಅನೇಕ ಕುಟುಂಬಗಳಿಗೆ ಇಂದು ರೂಢಿಯ ಮಾತಾಗಿದೆ. ಚೈತ್ರ ವೈಶಾಖಗಳ ಬಿಸಿಲು ಏರಿದೊಡನೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳ ಜನರು ಘಟ್ಟವಿಳಿದು ಕಾರವಾರದ ದಾರಿ ಹಿಡಿಯುವರು. ಮಕ್ಕಳು ಮರಳಿನಲ್ಲಿ ಗುಡಿಗೋಪುರಗಳನ್ನು ಕಟ್ಟುವರು. ಹಿರಿಯರು ಸಂಜೆಯ ಗಾಳಿಗೆ ಮೈಯೊಡ್ಡಿ ಕುಳಿತುಕೊಳ್ಳುವರು. ಇದು ಎಂದಿನಿಂದಲೂ ಹೀಗೆಯೇ ನಡೆದುಬಂದಿತೆಂದು ತೋರುವದು ಸಹಜ. ಆದರೆ ಕಡಲ ದಂಡೆಯು ವಿಶ್ರಾಂತಿಯ ಸ್ಥಳವೆಂಬ ಭಾವನೆಯು ಈ ನಾಡಿಗೆ ಬಂದು ಬಹು ಕಾಲವಾಗಿಲ್ಲ. ಅದು ಹೇಗೆ ಬಂದಿತು, ಯಾವ ಕಾರಣದಿಂದ ಕಾರವಾರದಲ್ಲಿ ನೆಲೆನಿಂತಿತು, ಇಂದು ಅದಕ್ಕೆ ಒದಗಿದ ಸ್ಥಿತಿಯು ಎಂಥದು ಎಂಬ ಪ್ರಶ್ನೆಗಳಿಗೆ, ಕಾಳಿ ನದಿಯ ಅಳವೆಯಿಂದ ಬೈತಖೋಲದ ಗುಡ್ಡದ ಕಡೆಗೆ ಬಿಲ್ಲಿನಂತೆ ಬಾಗಿ ಹಬ್ಬಿದ ಆ ಮರಳ ಪಟ್ಟಿಯ ಇತಿಹಾಸದಲ್ಲಿಯೇ ಉತ್ತರವಿದೆ.

ಹಿಂದಿನವರಿಗೆ ಸಮುದ್ರವು ಮೊದಲು ತೀರ್ಥವಾಗಿತ್ತು. ಕಾರವಾರದ ದಕ್ಷಿಣಕ್ಕಿರುವ ಗೋಕರ್ಣಕ್ಕೆ ಯಾತ್ರಿಕರು ಬರುತ್ತಿದ್ದುದು ಮಹಾಬಲೇಶ್ವರನ ದರ್ಶನಕ್ಕಾಗಿ, ಪಿತೃಕಾರ್ಯಕ್ಕಾಗಿ, ಕೋಟಿತೀರ್ಥದ ಹಾಗೂ ಸಮುದ್ರದ ಸ್ನಾನಕ್ಕಾಗಿ. ಪರ್ವಕಾಲದಲ್ಲಲ್ಲದೆ ಕಡಲ ನೀರನ್ನು ಮುಟ್ಟಬಾರದೆಂಬ ನಂಬಿಕೆಯೂ ಜನರಲ್ಲಿ ಇದ್ದಿತು. ಮಿಂದವರು ಸಂಕಲ್ಪ ಮಾಡಿ ಮಿಂದರು, ಅರ್ಘ್ಯ ಕೊಟ್ಟು ಮರಳಿದರು; ತೆರೆಗಳೊಡನೆ ಆಡುವದಕ್ಕೆಂದು ಯಾರೂ ಅಷ್ಟು ದೂರ ನಡೆದುಬರಲಿಲ್ಲ. ತೀರ್ಥವಲ್ಲದ ಕಡೆಯಲ್ಲಿ ಸಮುದ್ರವು ವ್ಯಾಪಾರದ ದಾರಿಯಾಗಿತ್ತು. ದಂಡೆಯ ಮೇಲೆ ಬಾಳುವ ಖಾರ್ವಿ, ಹರಿಕಂತ್ರ, ಗಾಬಿತ ಮೊದಲಾದವರಿಗೆ ಅದೇ ಹೊಲ, ಅದೇ ಅನ್ನ. ಮೀನು ಒಣಗಿಸುವ, ಬಲೆ ಹೆಣೆಯುವ, ದೋಣಿಗೆ ಎಣ್ಣೆ ಬಳಿಯುವ ಅಂಗಳವು ಅವರಿಗೆ ಆ ಮರಳೇ ಆಗಿತ್ತು.

ವ್ಯಾಪಾರದ ದೃಷ್ಟಿಯಿಂದ ಕಾರವಾರದ ಹೆಸರು ಹಳೆಯದು. ಅದು ಬಂದಿರುವದು ಕಾಳಿಯ ದಡದ ಒಳನಾಡಿನ ಕಡವಾಡ ಎಂಬ ಊರಿನಿಂದ. 1638ರಲ್ಲಿ ಕೋರ್ಟೀನ್ ಎಂಬವನ ಮಂಡಳಿಗೆ ಸೇರಿದ ಇಂಗ್ಲಿಷ್ ವರ್ತಕರು ಇಲ್ಲಿ ಕೋಠಿಯನ್ನು ತೆರೆದು ಕರಿಮೆಣಸನ್ನೂ ನಯವಾದ ಬಟ್ಟೆಯನ್ನೂ ಕೊಂಡೊಯ್ಯುತ್ತಿದ್ದರು. ಅಳವೆಯ ಉತ್ತರದ ಗುಡ್ಡದ ಮೇಲೆ ಸೋಂದೆಯ ಅರಸರು 18ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಸದಾಶಿವಗಡವು ಈ ನೀರಿನ ಬಾಗಿಲನ್ನು ಕಾಯುತ್ತಿತ್ತು. ಆ ಕಾಲದ ಪರದೇಶೀಯರಿಗೆ ಈ ತೀರವು ಆರೋಗ್ಯದ ಸ್ಥಳವೆಂದು ಕನಸಿನಲ್ಲಿಯೂ ತೋರಿರಲಾರದು. ಪೋರ್ತುಗಲ್ಲಿನ ರಾಜಪುತ್ರಿಯ ಬಳುವಳಿಯಾಗಿ ದೊರೆತ ಮುಂಬಯಿಯನ್ನು ವಶಪಡಿಸಿಕೊಳ್ಳಲು 1662ರಲ್ಲಿ ಬಂದ ಸರ್ ಅಬ್ರಹಾಂ ಶಿಪ್‌ಮನ್ನನ ಸೈನಿಕರಿಗೆ ಅಲ್ಲಿಯ ಪೋರ್ತುಗೀಜ ಅಧಿಕಾರಿಗಳು ಊರನ್ನು ಬಿಟ್ಟುಕೊಡಲಿಲ್ಲ. ಅವರು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಬೀಡು ಬಿಡಬೇಕಾಯಿತು. ರೋಗಗಳಿಂದ ಅವರಲ್ಲಿ ಬಹುಪಾಲು ಜನರು ಅಲ್ಲಿಯೇ ಮಣ್ಣಾದರು. 1664ರಲ್ಲಿ ಶಿಪ್‌ಮನ್ನನೂ ತೀರಿಕೊಂಡನು. ಇಂದು ಪ್ರವಾಸಿಗರು ದಂಡೆಯಿಂದ ಬೆರಳು ತೋರಿಸಿ ಚೆಲುವೆಂದು ಹೊಗಳುವ ದ್ವೀಪವು ಅಂದಿನವರಿಗೆ ಮಸಣವಾಗಿತ್ತು.

ಕಡಲ ಗಾಳಿಯೂ ಉಪ್ಪು ನೀರೂ ಮೈಗೆ ಹಿತವೆಂಬ ಮತವು ಇಂಗ್ಲಂಡದಲ್ಲಿಯೂ 18ನೆಯ ಶತಮಾನದ ಬೆಳೆಯೇ ಆಗಿದೆ. ರಿಚರ್ಡ್ ರಸೆಲ್ ಎಂಬ ವೈದ್ಯನು ಸಮುದ್ರದ ನೀರಿನ ಚಿಕಿತ್ಸೆಯನ್ನು ಕುರಿತು 1750ರಲ್ಲಿ ಲ್ಯಾಟಿನ್ ಭಾಷೆಯ ಗ್ರಂಥವೊಂದನ್ನು ಪ್ರಕಟಿಸಿದನು. ಮೀನುಗಾರರ ಊರಾಗಿದ್ದ ಬ್ರೈಟನ್ ಆ ಮೇಲೆ ಶ್ರೀಮಂತರ ವಿಹಾರಸ್ಥಾನವಾಯಿತು. 1841ರಲ್ಲಿ ಲಂಡನ್ನಿನಿಂದ ಅಲ್ಲಿಗೆ ರೇಲ್ವೆ ಬಂದ ಬಳಿಕ ಸಾಮಾನ್ಯರೂ ಅಲ್ಲಿಗೆ ಹೋಗತೊಡಗಿದರು. ಅಂಥ ದೇಶದಿಂದ ಬಂದ ಅಧಿಕಾರಿಗಳು ಕಡಲ ದಂಡೆಯ ಮೇಲೆ ಸಂಜೆ ತಿರುಗಾಡುವ ಅಭ್ಯಾಸವನ್ನು ತಮ್ಮೊಡನೆ ತಂದರು. ಅವರಿಗೆ ಒಂದು ಊರು ಬೇಕಾಗಿತ್ತು. ಅದು ದೊರೆತುದು ಮಾತ್ರ ವಿಹಾರದ ಉದ್ದೇಶದಿಂದಲ್ಲ, ಹತ್ತಿಯ ಉದ್ದೇಶದಿಂದ.

ಧಾರವಾಡದ ಸೀಮೆಯು ಹತ್ತಿಯ ನಾಡು. ಅಲ್ಲಿಯ ಹತ್ತಿಯನ್ನು ಹತ್ತಿರದ ಬಂದರಿನಿಂದ ಹಡಗಿಗೆ ಏರಿಸಬೇಕೆಂಬದು ಮ್ಯಾಂಚೆಸ್ಟರಿನ ಗಿರಣಿಯವರ ಬಹು ದಿನದ ಹಂಬಲವಾಗಿತ್ತು. ಅಮೇರಿಕೆಯ ಅಂತರ್ಯುದ್ಧವು 1861ರಲ್ಲಿ ಆರಂಭವಾಗಿ ಅಲ್ಲಿಯ ಹತ್ತಿ ಬರುವದು ನಿಂತುಹೋದಾಗ ಈ ಹಂಬಲವು ಅವಸರವಾಯಿತು. ಅವರ ಸಂಸ್ಥೆಯೊಂದು ಯಂತ್ರಗಳನ್ನೂ ಕಾರಭಾರಿಯನ್ನೂ ಸದಾಶಿವಗಡಕ್ಕೆ ಕಳುಹಿಸಿತು. ಬಂದು ನೋಡಿದರೆ ಘಟ್ಟದ ರಸ್ತೆಯು ಮುಗಿದಿರಲಿಲ್ಲ; ಸರಕು ಇಳಿಸಲು ಧಕ್ಕೆಯೂ ಇರಲಿಲ್ಲ. ಮದ್ರಾಸ ಸರಕಾರವು ಈ ತೀರವನ್ನು ಅಲಕ್ಷಿಸುತ್ತಿರುವದೆಂದು ವರ್ತಕರು ದೂರಿದರು. 1862ರಲ್ಲಿ ಉತ್ತರ ಕನ್ನಡವು ಮದ್ರಾಸ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಕಾರವಾರವು ಜಿಲ್ಲೆಯ ಮುಖ್ಯ ಸ್ಥಳವಾಯಿತು. ಕಚೇರಿಗಳೂ ಅಧಿಕಾರಿಗಳ ಬಂಗಲೆಗಳೂ ಎದ್ದವು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭವು ಬೆಳಗಿತು. ದೊಡ್ಡ ಬಂದರೊಂದು ಇನ್ನೇನು ಹುಟ್ಟಿತೆಂದು ಎಲ್ಲರೂ ನಂಬಿದರು.

ಆ ಬಂದರು ಹುಟ್ಟಲಿಲ್ಲ. 1865ರಲ್ಲಿ ಅಮೇರಿಕೆಯ ಯುದ್ಧವು ಮುಗಿಯಿತು, ಹತ್ತಿಯ ಬೆಲೆಯು ಇಳಿಯಿತು. ಕಾರವಾರಕ್ಕೆ ರೇಲ್ವೆ ತರುವ ಆಲೋಚನೆಗಳು ಕಾಗದದ ಮೇಲೆಯೇ ಉಳಿದವು. ಕಡೆಗೆ 1880ರ ದಶಕದಲ್ಲಿ ರೇಲ್ವೆಯು ಕ್ಯಾಸಲ್‌ರಾಕಿನ ಮಾರ್ಗವಾಗಿ ಪೋರ್ತುಗೀಜರ ಮುರ್ಮುಗೋವೆಗೆ ಇಳಿಯಿತು. ಧಾರವಾಡದ ಹತ್ತಿಯು ಹೋಗುವ ದಾರಿಯು ಕಾರವಾರದ ಕೈತಪ್ಪಿತು. ವ್ಯಾಪಾರಿಗಳ ಲೆಕ್ಕದಲ್ಲಿ ಇದು ದೊಡ್ಡ ನಷ್ಟವೆಂಬದರಲ್ಲಿ ಸಂದೇಹವಿಲ್ಲ. ಆದರೆ ಈ ನಷ್ಟದ ಮಡಿಲಿನಲ್ಲಿಯೇ ಮತ್ತೊಂದು ಲಾಭವು ಅಡಗಿತ್ತು. ಗೋದಾಮುಗಳೂ ಕಲ್ಲಿದ್ದಲಿನ ರಾಶಿಗಳೂ ಆಕ್ರಮಿಸಬೇಕಾಗಿದ್ದ ದಂಡೆಯು ಬರಿದಾಗಿಯೇ ಉಳಿಯಿತು. ಅದರ ಉದ್ದಕ್ಕೂ ಗಾಳಿಮರಗಳ ತೋಪು ಬೆಳೆದು ನಿಂತಿತು. ಕಚೇರಿಯ ಊರಾದುದರಿಂದ ರಸ್ತೆ, ವಸತಿ, ಅಂಚೆ, ಆಗಬೋಟುಗಳ ಅನುಕೂಲವಿದ್ದಿತು. ಬಂದರಾಗದ ಊರಾದುದರಿಂದ ಶಾಂತಿಯಿದ್ದಿತು. ವಿಶ್ರಾಂತಿಗೆ ಬೇಕಾಗುವ ಈ ಎರಡೂ ಒಂದೆಡೆಯಲ್ಲಿ ಸೇರಿದುದು ಯಾರ ಯೋಜನೆಯಿಂದಲೂ ಅಲ್ಲ.

ಈ ಸ್ಥಿತಿಯಲ್ಲಿದ್ದ ಕಾರವಾರವನ್ನು ಕಂಡು ಬರೆದಿಟ್ಟವರಲ್ಲಿ ಅಗ್ರಗಣ್ಯರು ರವೀಂದ್ರನಾಥ ಠಾಕೂರರು. ಅವರ ಅಣ್ಣಂದಿರಾದ ಸತ್ಯೇಂದ್ರನಾಥರು 1863ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲನೆಯ ಭಾರತೀಯರು. ಅವರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, 22 ವರ್ಷದ ತಮ್ಮನು ಅವರ ಮನೆಗೆ ಬಂದು ಇದ್ದನು. ಆತನಿಗೆ ಇಲ್ಲಿ ಕಚೇರಿಯಿಲ್ಲ, ವ್ಯಾಪಾರವಿಲ್ಲ, ತೀರ್ಥಯಾತ್ರೆಯ ಸಂಕಲ್ಪವೂ ಇಲ್ಲ. ಅಣ್ಣನ ಮನೆಯಲ್ಲಿ ಉಂಡು, ದಂಡೆಯ ಮೇಲೆ ತಿರುಗಿ, ಮನಸ್ಸು ಬಂದಾಗ ಬರೆಯುವದೇ ಕೆಲಸ. ಹೆಸರುವಾಸಿಯಾದ ಮನುಷ್ಯನೊಬ್ಬನು ಈ ದಂಡೆಯಲ್ಲಿ ಬರಿಯ ಬಿಡುವನ್ನು ಕಳೆದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಹಳೆಯ ದಾಖಲೆಯು ದೊರೆಯುವದು ಕಷ್ಟ.

ಮುಂದೆ 1912ರಲ್ಲಿ ಪ್ರಕಟವಾದ ತಮ್ಮ ‘ಜೀವನಸ್ಮೃತಿ’ಯಲ್ಲಿ ಠಾಕೂರರು ಕಾರವಾರಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಗುಡ್ಡಗಳು ಸುತ್ತುವರಿದ ಈ ಬಂದರು ಎಷ್ಟು ಏಕಾಂತವಾಗಿದೆಯೆಂದರೆ ಬಂದರಿನ ಲಕ್ಷಣವೇ ಅದಕ್ಕೆ ಇಲ್ಲವೆಂದು ಅವರು ಅಲ್ಲಿ ಹೇಳುತ್ತಾರೆ. ಅರ್ಧಚಂದ್ರಾಕಾರದ ದಂಡೆಯು ಅನಂತವನ್ನು ತಬ್ಬಿಕೊಳ್ಳಲು ತೋಳು ಚಾಚಿದಂತೆ ಅವರಿಗೆ ಕಂಡಿತು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯನ್ನು ಏರಿ ಹೋಗಿ, ಗಿರಿದುರ್ಗದ ಬುಡದಲ್ಲಿ ಇಳಿದು, ರೈತನೊಬ್ಬನ ಮನೆಯ ಅಂಗಳದಲ್ಲಿ ತಂದ ಬುತ್ತಿಯನ್ನು ಉಂಡು, ಪ್ರವಾಹದೊಡನೆ ತೇಲುತ್ತ ಮರಳಿ, ಅಳವೆಯ ಬಳಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದುದನ್ನು ಅವರು ವರ್ಣಿಸಿದ್ದಾರೆ. ಇಲ್ಲಿಯೇ ಬರೆದ ‘ಪ್ರಕೃತಿರ ಪ್ರತಿಶೋಧ’ ಎಂಬ ನಾಟಕವು 1884ರಲ್ಲಿ ಹೊರಬಂದಿತು. ಸಂಸಾರವನ್ನು ತೊರೆದು ಅನಂತವನ್ನು ಅರಸಿದ ಸಂನ್ಯಾಸಿಯೊಬ್ಬನನ್ನು ಒಬ್ಬ ಚಿಕ್ಕ ಹುಡುಗಿಯ ಮೇಲಿನ ಮಮತೆಯು ಲೋಕಕ್ಕೆ ಮರಳಿಸುವದು ಅದರ ವಸ್ತು. ತಮ್ಮ ಮುಂದಿನ ಬರವಣಿಗೆಗೆಲ್ಲ ಇದು ಪೀಠಿಕೆಯೆಂದು ಕವಿಗಳೇ ಎಣಿಸಿದರು.

ಠಾಕೂರರು ಇಲ್ಲಿದ್ದ ಅದೇ 1883ರಲ್ಲಿ ಮುಂಬಯಿ ಸರಕಾರದ ಗ್ಯಾಝೆಟಿಯರಿನ ಕನ್ನಡ ಜಿಲ್ಲೆಯ ಸಂಪುಟವು ಪ್ರಕಟವಾಯಿತು. ಬಂದರಿಗೆ ಬಂದ ಹಡಗುಗಳು, ಹೋದ ಸರಕು, ಬಂದ ಸುಂಕ ಇವುಗಳ ಲೆಕ್ಕದಿಂದ ಅದು ತುಂಬಿದೆ. ಅಧಿಕಾರಿಗಳ ದೃಷ್ಟಿಗೆ ಕಾರವಾರವು ಕೈಗೂಡದ ಬಂದರು. ಕವಿಯ ದೃಷ್ಟಿಗೆ ಬಂದರಿನಂತೆ ಕಾಣದಿರುವದೇ ಅದರ ಸೊಗಸು. ಒಂದೇ ದಂಡೆಯನ್ನು ಒಂದೇ ವರ್ಷದಲ್ಲಿ ಕಂಡ ಈ ಎರಡು ದೃಷ್ಟಿಗಳ ನಡುವಿನ ವಾದವು ಇಂದಿಗೂ ಮುಗಿದಿಲ್ಲ.

ಕವಿಯು ಕಂಡ ಬಿಡುವು ಕ್ರಮೇಣ ಸಾಮಾನ್ಯರದೂ ಆಯಿತು. ಇಲ್ಲಿಯ ಬೇಸಿಗೆಯು ತಂಪಿನದಲ್ಲ. ಬೆವರು ಸುರಿಯುವ ಸೆಕೆಯದು. ಆದರೆ ಮಧ್ಯಾಹ್ನ ತಿರುಗಿದ ಮೇಲೆ ಕಡಲಿನಿಂದ ಏಳುವ ಗಾಳಿಯು ಸಂಜೆಯನ್ನು ಹಿತವಾಗಿಸುವದು. ಮುರುಗಲಿನ ಪಾನಕ, ಎಳನೀರು, ಅಂಕೋಲೆಯ ಕರಿ ಇಶಾಡ ಮಾವು, ತೆಂಗಿನ ರಸದಲ್ಲಿ ಬೇಯಿಸಿದ ಮೀನು ಇವೆಲ್ಲ ಆ ದಿನಗಳ ಉಪಚಾರಗಳು. ಕಾಲವು ಮಾತ್ರ ಮಿತವಾದುದು. ಜೂನ್ ತಿಂಗಳಿನಲ್ಲಿ ಮುಂಗಾರು ಮುರಿದುಬಿದ್ದರೆ ವರ್ಷದ ಸುಮಾರು 3,000 ಮಿಲಿಮೀಟರ್ ಮಳೆಯಲ್ಲಿ ಬಹುಭಾಗವು ನಾಲ್ಕು ತಿಂಗಳಿನಲ್ಲಿ ಸುರಿದುಬಿಡುವದು. ಆಗಬೋಟುಗಳ ಕಾಲದಲ್ಲಿ ಮಳೆಗಾಲದ ಸಂಚಾರವು ನಿಂತುಹೋಗುತ್ತಿತ್ತು. ಆದುದರಿಂದ ಇಲ್ಲಿಯ ಕಡಲ ವಿಹಾರವು ಯಾವಾಗಲೂ ಮುಗಿಲನ್ನು ನೋಡುತ್ತಲೇ ನಡೆಯುವದು.

ಬಂದವರು ವಿಶ್ರಮಿಸುತ್ತಿದ್ದ ದಂಡೆಯ ಮೇಲೆ ಇದ್ದವರು ದುಡಿಯುತ್ತಿದ್ದರೆಂಬದನ್ನು ಮರೆಯಲಾಗದು. ಮಳೆಗಾಲವು ಹಿಂದೆ ಸರಿದ ಮೇಲೆ ಬಂಗಡೆ, ತಾರ್ಲಿ ಮೀನುಗಳ ಹಿಂಡು ದಡಕ್ಕೆ ಬಂದಾಗ ರಂಪಣಿ ಬಲೆಯನ್ನು ಬೀಸುತ್ತಿದ್ದರು. ಅದು ಒಬ್ಬನ ಬಲೆಯಲ್ಲ. ಹಲವು ಮನೆಗಳವರು ತಂದು ಜೋಡಿಸಿದ ತುಂಡುಗಳಿಂದಾದ ಬಹು ಉದ್ದದ ಬಲೆ. ದೋಣಿಯು ಅದನ್ನು ಕಡಲಿನಲ್ಲಿ ಅರೆವರ್ತುಲವಾಗಿ ಹಾಸಿ ಬಂದ ಬಳಿಕ ಎರಡೂ ತುದಿಗಳನ್ನು ಹತ್ತಾರು ಜನರು ದಂಡೆಯ ಮೇಲೆ ನಿಂತು ಎಳೆಯಬೇಕು. ಸಿಕ್ಕ ಮೀನು ಪಾಲಾಗಿ ಹಂಚಿಹೋಗುತ್ತಿತ್ತು. ಇಂಥ ಬಲೆಗೆ ಬೇಕಾದುದು ತಡೆಯಿಲ್ಲದ, ಕಲ್ಲಿಲ್ಲದ, ಅಗಲವಾದ ಮರಳ ದಂಡೆ. ವಿಹಾರಕ್ಕೆ ಬಂದವರಿಗೆ ಬೇಕಾದುದೂ ಅದೇ. 1970ರ ದಶಕದ ನಡುವಿನಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆಗಳು ಬಂದು ಮೀನನ್ನು ಕಡಲಿನಲ್ಲಿಯೇ ಸುತ್ತುವರಿಯತೊಡಗಿದಾಗ ರಂಪಣಿಯು ಕುಗ್ಗಿತು. ದಂಡೆಯನ್ನು ನಂಬಿದ ಸಣ್ಣ ಮೀನುಗಾರರು ಮಾತ್ರ ದಂಡೆಯನ್ನು ಬಿಡಲಿಲ್ಲ.

ಬೇಸಿಗೆಯಂತೂ ಈ ತೀರದ ಒಕ್ಕಲುಗಳಿಗೆ ಉಪ್ಪಿನ ಸುಗ್ಗಿ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಆಗರಗಳಲ್ಲಿ ಬಿಸಿಲು ಏರಿದಷ್ಟೂ ಉಪ್ಪು ಹರಳುಗಟ್ಟುವದು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಕಾಯದೆಯನ್ನು ಮುರಿದುದು ಇಂಥ ಬೇಸಿಗೆಯ ದಿನವೇ. ಕಡಲ ನೀರು, ಅದರ ಉಪ್ಪು, ಅದರ ದಂಡೆ ಇವು ಜನರ ಸೊತ್ತೆಂಬ ಮಾತನ್ನು ಈ ಜಿಲ್ಲೆಯು ಅಂದು ದೇಶಕ್ಕೆ ಕೇಳುವಂತೆ ಹೇಳಿತು. ವಿಹಾರದ ಇತಿಹಾಸಕ್ಕೂ ಈ ಘಟನೆಗೂ ಸಂಬಂಧವಿಲ್ಲವೆಂದು ತೋರಬಹುದು. ಆದರೆ ದಂಡೆಯು ಯಾರದು ಎಂಬ ಪ್ರಶ್ನೆಯು ಎರಡಕ್ಕೂ ಸಮಾನವಾದುದು.

ಆ ಪ್ರಶ್ನೆಯು ಸ್ವಾತಂತ್ರ್ಯಾನಂತರ ಬೇರೆ ರೂಪದಿಂದ ಮರಳಿ ಬಂದಿತು. 1956ರ ನವೆಂಬರ 1ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. 19ನೆಯ ಶತಮಾನದ ವರ್ತಕರಿಗೆ ಕಂಡಿದ್ದ ಗುಣಗಳು, ಎಂದರೆ ಆಳವಾದ ನೀರು, ಕಾವಲಿನಂತಿರುವ ದ್ವೀಪಗಳು, ಬೆನ್ನಿಗೆ ಗುಡ್ಡಗಳು, ಈಗ ನೌಕಾದಳದ ಕಣ್ಣಿಗೆ ಬಿದ್ದವು. 1986ರ ಅಕ್ಟೋಬರದಲ್ಲಿ ‘ಸೀಬರ್ಡ್’ ಯೋಜನೆಗೆ ಶಂಕುಸ್ಥಾಪನೆಯಾಯಿತು. 2005ರ ಮೇ 31ರಂದು ‘ಕದಂಬ’ ಎಂಬ ಹೆಸರಿನ ನೌಕಾನೆಲೆಯು ಕಾರ್ಯವನ್ನಾರಂಭಿಸಿತು. ಇದಕ್ಕಾಗಿ 13 ಹಳ್ಳಿಗಳ 4,000ಕ್ಕೂ ಹೆಚ್ಚು ಕುಟುಂಬಗಳು ಮನೆಮಾರುಗಳನ್ನು ತೊರೆದವು. ಅರಗಾ ಮೊದಲಾದ ದಂಡೆಗಳೂ ಅಂಜದೀವವೂ ಜನರ ಸಂಚಾರಕ್ಕೆ ಮುಚ್ಚಿದವು. ದೇಶದ ರಕ್ಷಣೆಗೆ ಇದು ಬೇಕಾಯಿತೆಂಬದನ್ನು ಅಲ್ಲಗಳೆಯುವವರು ವಿರಳ. ಆದರೆ ಅದರ ಬೆಲೆಯನ್ನು ತೆತ್ತವರು ದಂಡೆಯ ಜನರೆಂಬದು ಅಷ್ಟೇ ನಿಜ.

ಇತ್ತ ಬಂದುಹೋಗುವ ದಾರಿಗಳು ಸುಗಮವಾದವು. 1998ರಲ್ಲಿ ಕೊಂಕಣ ರೇಲ್ವೆಯು ಸಂಪೂರ್ಣವಾಗಿ ತೆರೆದು, ನೂರು ವರ್ಷಗಳ ಹಿಂದೆ ಹತ್ತಿಗಾಗಿ ಬೇಡಿದ್ದ ಊರಿಗೆ ಪ್ರವಾಸಿಗರನ್ನು ತಂದಿತು. ಕಾರವಾರದ ದಂಡೆಗೆ ಕವಿಗಳ ಹೆಸರಿಡಲಾಯಿತು. ಸೇವೆ ಮುಗಿಸಿದ ‘ಚಪಲ’ವೆಂಬ ಯುದ್ಧನೌಕೆಯನ್ನು ಅದೇ ಮರಳಿನ ಮೇಲೆ ವಸ್ತುಸಂಗ್ರಹಾಲಯವಾಗಿ ನಿಲ್ಲಿಸಲಾಯಿತು. ಗೋಕರ್ಣದ ಓಂ ಮತ್ತು ಕುಡ್ಲೆ ದಂಡೆಗಳು ಪರದೇಶದವರನ್ನೂ ಸೆಳೆದವು. ಪಿಂಡಪ್ರದಾನಕ್ಕೆ ಬಂದವರೂ ಈಜುವದಕ್ಕೆ ಬಂದವರೂ ಅಲ್ಲಿಯ ಬೀದಿಗಳಲ್ಲಿ ಎದುರುಬದುರಾದರು. ಹೊನ್ನಾವರದ ಕಾಸರಕೋಡು ದಂಡೆಗೆ 2020ರಲ್ಲಿ ಸ್ವಚ್ಛತೆ ಮತ್ತು ಸುರಕ್ಷಿತತೆಗಾಗಿ ಕೊಡುವ ‘ನೀಲ ಧ್ವಜ’ದ ಅಂತರರಾಷ್ಟ್ರೀಯ ಮನ್ನಣೆಯು ದೊರೆಯಿತು.

ಆದರೆ ಅದೇ 2020ರ ಜನವರಿಯಲ್ಲಿ ಕಾರವಾರದ ವಾಣಿಜ್ಯ ಬಂದರನ್ನು ಠಾಕೂರ ದಂಡೆಯ ಕಡೆಗೆ ವಿಸ್ತರಿಸುವ, ಅಲೆತಡೆ ಗೋಡೆಯನ್ನು ಕಟ್ಟುವ ಕೆಲಸವು ಆರಂಭವಾದಾಗ ಮೀನುಗಾರರು ಬೀದಿಗಿಳಿದರು. ನೌಕಾನೆಲೆಗೆ ಕೊಟ್ಟ ಬಳಿಕ ತಮಗೆ ಉಳಿದ ದಂಡೆಯು ಇದೊಂದೇ. ಇದೂ ಹೋದರೆ ದೋಣಿಯನ್ನು ಎಲ್ಲಿ ಎಳೆಯುವದು ಎಂಬದು ಅವರ ಪ್ರಶ್ನೆಯಾಗಿತ್ತು. ಪೇಟೆಯವರೂ ಅವರೊಡನೆ ಸೇರಿದರು. ವಿಷಯವು ಉಚ್ಚ ನ್ಯಾಯಾಲಯದ ಮುಂದೆ ಬಂದು ಕೆಲಸಕ್ಕೆ ತಡೆಯಾಜ್ಞೆಯು ಹೊರಟಿತು. 1862ರಲ್ಲಿ ಆರಂಭವಾದ ಹಂಬಲವು ಹೀಗೆ ಮತ್ತೊಮ್ಮೆ ಅದೇ ಮರಳಿನ ಅಂಚಿಗೆ ಬಂದು ನಿಂತಿತು.

ಬಂದರು ಬೇಡವೆಂದು ಹೇಳುವದು ಸುಲಭವಲ್ಲ. ದುಡಿಮೆಯಿಲ್ಲದ ಊರಿನಲ್ಲಿ ಬರಿಯ ಸೌಂದರ್ಯವನ್ನು ಉಂಡು ಬಾಳಲಾಗದು. ಕಾರವಾರದ ಎಷ್ಟೋ ಮನೆಗಳ ತರುಣರು ಉದ್ಯೋಗವನ್ನರಸಿ ಗೋವೆಗೂ ಮುಂಬಯಿಗೂ ಹೋಗುತ್ತಾರೆ. ಆದರೆ ಈ ದಂಡೆಯ ಇತಿಹಾಸದಿಂದ ಒಂದು ಮಾತು ಸ್ಪಷ್ಟವಾಗುವದು. ವಿಹಾರಕ್ಕೆ ಬಂದವರು ಈ ಮರಳನ್ನು ಉಳಿಸಲಿಲ್ಲ. ಅವರು ಬಂದು ನಾಲ್ಕು ದಿನವಿದ್ದು ಹೋದರು. ಮೊದಲು ಅದನ್ನು ಉಳಿಸಿದುದು ವ್ಯಾಪಾರದ ಸೋಲು. ಆ ಬಳಿಕ ಉಳಿಸಿದುದು ಅಲ್ಲಿ ದೋಣಿ ಎಳೆಯುವವರ, ಬಲೆ ಹರಡುವವರ, ಮೀನು ಒಣಗಿಸುವ ಹೆಂಗಸರ ದಿನನಿತ್ಯದ ಹಕ್ಕು. ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಪ್ರವಾಸಿಗನು ತನ್ನ ಬೇಸಿಗೆಯ ಬಿಡುವಿಗೆ ಆ ಹೆಂಗಸಿನ ಋಣವಿದೆಯೆಂಬದನ್ನು ಅರಿಯನು. ಅವಳು ಅಲ್ಲಿಂದ ಎದ್ದು ಹೋದ ದಿನ ಆ ದಂಡೆಯಲ್ಲಿ ಇವನಿಗೂ ಸ್ಥಳವಿರಲಾರದು. ಬೆಳದಿಂಗಳಿನಲ್ಲಿ ಅಳವೆಯಿಂದ ಮನೆಯವರೆಗೆ ಮರಳ ಮೇಲೆ ನಡೆದು ಬಂದ ತರುಣ ಕವಿಯ ದಾರಿಯು ಮುಂದಿನವರಿಗೂ ತೆರೆದಿರಬೇಕಾದರೆ, ದಂಡೆಯ ಮೇಲೆ ದೋಣಿಗಳೂ ಇರಬೇಕು.